ಹಿಮದ ರಸ್ತೆಯಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ) ನಂಬಿಕೊಂಡು ಗಾಡಿ ಓಡಿಸಬಹುದಾ?

ತುಂಗಾತೀರ, ಮಿನ್ನಿಯಾಪೊಲಿಸ್

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಇಲ್ಲಿಗೆ ಬಂದಮೇಲೆ ಇದು ನಮಗೆ ಎರಡನೇ ಚಳಿಗಾಲ. ಹೋದ ಶನಿವಾರ ಸಂಜೆ ಮಗಳನ್ನ ಈಜು ಕ್ಲಾಸಿಂದ ಕರ್ಕೊಂಡು ಬರ್ತಿದ್ದೆ. ಬೆಳಗ್ಗೆಯಿಂದ ನಾಲ್ಕೈದು ಇಂಚು ಸ್ನೋ ಬಿದ್ದಿತ್ತು, ಒಳರಸ್ತೆಗೆ ಇನ್ನೂ ಸ್ನೋ ತೆಗೆಯೋ ಪ್ಲೋ ಗಾಡಿ ಬಂದಿರಲಿಲ್ಲ. 25 ಮೈಲಿ ಸ್ಪೀಡು, ಅಂದ್ರೆ 40 ಕಿ.ಮೀ. ಮುಂದೆ ಸ್ಟಾಪ್ ಸೈನ್, ಅಲ್ಲೊಂದು ಗಾಡಿ ನಿಂತಿತ್ತು. ಬ್ರೇಕ್ ಒತ್ತಿದ್ದೇ ತಡ, ಪೆಡಲ್ ಕಾಲಡಿ ಪಟಪಟ ಅಂತ ಒದೆಯೋಕೆ ಶುರುವಾಯ್ತು. ಕೆಳಗಿಂದ ಕಲ್ಲು ಅರೆದ ಹಾಗೆ ಗರಗರ ಸದ್ದು. ಏನೋ ಮುರಿದೇ ಹೋಯ್ತು ಅಂದ್ಕೊಂಡು ಗಾಬರಿಯಲ್ಲಿ ಕಾಲು ತೆಗೆದುಬಿಟ್ಟೆ. ಮತ್ತೆ ಒತ್ತಿದೆ, ಮತ್ತೆ ಅದೇ. ಹೋಗಿ ಮುಂದಿನ ಗಾಡಿ ಬಂಪರ್‌ಗೆ ತಗುಲಿತು. ಯಾರಿಗೂ ಪೆಟ್ಟಾಗಲಿಲ್ಲ. ಆದ್ರೆ ಹಿಂದಿನ ಸೀಟಲ್ಲಿ ಮಗಳು "ಅಪ್ಪಾ" ಅಂತ ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಆಫೀಸಲ್ಲಿ ಇಲ್ಲೇ ಹುಟ್ಟಿ ಬೆಳೆದವರೊಬ್ಬರು "ಸ್ನೋಗೆ ಎಬಿಎಸ್ ಆಗಲ್ಲ, ಚಳಿಗಾಲ ಬಂತು ಅಂದ್ರೆ ನಾನು ಅದರ ಫ್ಯೂಸ್ ಕಿತ್ತಿಡ್ತೀನಿ" ಅಂದ್ರು. ಇನ್ನೊಬ್ಬರು "ಜೋರಾಗಿ ಒತ್ತು, ಮಿಕ್ಕಿದ್ದು ಗಾಡಿ ನೋಡ್ಕೊಳುತ್ತೆ" ಅಂತಾರೆ. ಯಾರ ಮಾತು ಕೇಳಬೇಕು? ಇಲ್ಲಿ ವರ್ಷಗಟ್ಟಲೆ ಓಡಿಸಿದವರು ಹೇಳಿ.

ಮಂಜಿನೂರು, ಡುಲುತ್

ದಯವಿಟ್ಟು ಫ್ಯೂಸ್ ಮುಟ್ಟಬೇಡಿ. ನಿಮಗೆ ಕೇಳಿಸಿದ್ದು ಮುರಿದ ಸದ್ದಲ್ಲ, ಎಬಿಎಸ್ ಕೆಲಸ ಮಾಡೋ ಸದ್ದು. ಚಕ್ರ ಲಾಕ್ ಆಗೋ, ಅಂದ್ರೆ ಉರುಳದೇ ಜಾರೋ, ಹಂತಕ್ಕೆ ಬಂದಾಗ ಬ್ರೇಕಿನ ಒತ್ತಡವನ್ನ ಅದು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿದು ಮಾಡುತ್ತೆ. ಪಂಪು, ವಾಲ್ವುಗಳ ಆ ಬಡಿತವೇ ಕಾಲಿಗೆ ಬರೋದು. ತಪ್ಪಾಗಿದ್ದು ನೀವು ಕಾಲು ತೆಗೆದದ್ದು. ಹಳೇ ಕಾಲದ ಗಾಡಿಯಲ್ಲಿ ಬಿಟ್ಟು ಬಿಟ್ಟು ಒತ್ತೋಕೆ ಹೇಳಿಕೊಡ್ತಿದ್ರು, ಅದನ್ನೇ ಈಗ ಯಂತ್ರ ನಮಗಿಂತ ಬೇಗ ಮಾಡುತ್ತೆ. ನಾವೂ ಜೊತೆಗೆ ಪಂಪ್ ಮಾಡಿದ್ರೆ ಅದರ ಕೆಲಸ ಕೆಡುತ್ತೆ.

ನಮ್ಮೂರಲ್ಲಿ ರಸ್ತೆಗಳು ಗುಡ್ಡದ ಮೇಲಿಂದ ನೆಟ್ಟಗೆ ಲೇಕ್ ಸುಪೀರಿಯರ್ ಕಡೆ ಇಳಿಯುತ್ತವೆ. ಈ ಇಳಿಜಾರಲ್ಲಿ ಹದಿನೈದು ಚಳಿಗಾಲ ಕಳೆದಿದ್ದೀನಿ. ಒತ್ತಿ, ಒತ್ತಿದ್ದನ್ನ ಬಿಡಬೇಡಿ, ಸ್ಟೇರಿಂಗ್ ತಿರುಗಿಸಿ.

ರಾಮನಗರದವ, ಸಡ್ಬರಿ

ಮಂಜಿನೂರು ಅವರೇ, ನಿಮ್ಮ ಅನುಭವದ ಮೇಲೆ ಗೌರವ ಇದೆ. ಆದ್ರೆ ಅರ್ಧ ಮಾತು ಹೇಳಿದ್ರಿ. ನಾನು 1996ರಿಂದ ಉತ್ತರ ಒಂಟಾರಿಯೊದಲ್ಲಿ ಓಡಿಸ್ತಿದ್ದೀನಿ. ಮೊದಲ ಎರಡು ಗಾಡಿಗೆ ಎಬಿಎಸ್ ಇರಲಿಲ್ಲ. ಸಡಿಲ ಸ್ನೋನಲ್ಲಿ ಚಕ್ರ ಲಾಕ್ ಆದ್ರೆ ಟೈರು ಸ್ನೋನ ತನ್ನ ಮುಂದೆ ದಬ್ಬಿಕೊಂಡು ಹೋಗುತ್ತೆ. ಟೈರಿನ ಮುಂದೆ ಒಂದು ದಿಣ್ಣೆ ಕಟ್ಟಿಕೊಂಡು, ಆ ದಿಣ್ಣೆಯೇ ಗಾಡಿ ನಿಲ್ಲಿಸುತ್ತೆ. ಎಬಿಎಸ್ ಚಕ್ರವನ್ನ ಉರುಳ್ತಾ ಇಡೋದರಿಂದ ದಿಣ್ಣೆ ಕಟ್ಟೋದೇ ಇಲ್ಲ, ಗಾಡಿ ಅದರ ಮೇಲೇ ಹತ್ತಿ ಮುಂದೆ ಹೋಗುತ್ತೆ. ಜಲ್ಲಿ ರಸ್ತೆಯಲ್ಲೂ ಇದೇ ಕಥೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯೇ 1999ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸಡಿಲ ಜಲ್ಲಿಯ ಮೇಲೆ ಎಬಿಎಸ್ ಗಾಡಿಗಳು ನಿಲ್ಲೋಕೆ ಸರಾಸರಿ 27 ಪ್ರತಿಶತ ಹೆಚ್ಚು ದೂರ ತಗೊಂಡವು.

ತುಂಗಾತೀರ ಅವರು ಇದ್ದದ್ದು ಪ್ಲೋ ಬರದ ನಾಲ್ಕೈದು ಇಂಚು ಸ್ನೋ ಮೇಲೆ. ಕಾಲು ತೆಗೀದೇ ಇದ್ದಿದ್ರೂ ತಗುಲ್ತಿತ್ತೇನೋ. ಹಾಗಾಗಿ "ನಂಬಿ" ಅಂತ ಹೊಸಬರಿಗೆ ಹೇಳೋದು ನನಗೆ ಸರಿ ಕಾಣಲ್ಲ.

ಕುಶಾಲನಗರ, ವಿಸ್ಕಾನ್ಸಿನ್

ರಾಮನಗರದವರೇ, ನಿಂತರೆ ಸಾಕು ಅನ್ನೋ ಹಾಗಿದ್ರೆ ನಿಮ್ಮ ಮಾತು ಸರಿ. ಎಲ್ಲ ಸಲವೂ ನಿಲ್ಲೋಕೆ ಜಾಗ ಇರಲ್ಲ.

ಎರಡು ವರ್ಷದ ಹಿಂದೆ ನವೆಂಬರ್‌ನಲ್ಲಿ ರಾತ್ರಿ ಪಾಳಿ ಮುಗಿಸಿ ಮನೆಗೆ ಬರ್ತಿದ್ದೆ. ರಸ್ತೆ ಮೇಲೆ ಸ್ನೋ ತುಳಿದು ತುಳಿದು ಗಟ್ಟಿಯಾಗಿತ್ತು. ಬಲಗಡೆ ಪೊದೆಯಿಂದ ಜಿಂಕೆಯೊಂದು ಹೆಡ್‌ಲೈಟಿಗೆ ಸರಿಯಾಗಿ ಬಂದು ನಿಂತುಬಿಡ್ತು. ಕಣ್ಣು ಹೊಳೀತಿದ್ದದ್ದು ನೆನಪಿದೆ. ಎರಡೂ ಕಾಲಲ್ಲಿ ಒತ್ತಿದೆ ಅಂತಲೇ ಹೇಳಬೇಕು. ಗಾಡಿ ನಿಲ್ಲೋದಿಲ್ಲ ಅಂತ ಗೊತ್ತಾಯ್ತು. ಬ್ರೇಕ್ ಬಿಡದೇ ಎಡಕ್ಕೆ ತಿರುಗಿಸಿದೆ, ಗಾಡಿ ತಿರುಗಿತು. ಜಿಂಕೆ ಬಲಗಡೆ ಕನ್ನಡಿ ಪಕ್ಕದಲ್ಲೇ ಹೋಯ್ತು. ಲಾಕ್ ಆದ ಚಕ್ರ ಯಾವ ಕಡೆ ತಿರುಗಿಸಿದ್ರೂ ನೆಟ್ಟಗೇ ಜಾರುತ್ತೆ. ಫ್ಯೂಸ್ ಕಿತ್ತಿಟ್ಟಿದ್ರೆ ನಾನು ಇವತ್ತು ಇದನ್ನ ಬರೀತಿರಲಿಲ್ಲ.

ಗಾಲಿಲೆಕ್ಕ, ಮಿಷಿಗನ್

ಬ್ರೇಕ್ ಕ್ಷೇತ್ರದಲ್ಲೇ ಕೆಲಸ ಮಾಡೋನು ನಾನು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ನಿಮ್ಮಲ್ಲಿ ಯಾರೂ ಸುಳ್ಳು ಹೇಳ್ತಿಲ್ಲ. ರಾಮನಗರದವರು ಹೇಳಿದ ದಿಣ್ಣೆ ನಿಜ. ಕುಶಾಲನಗರದ ಮೇಡಂ ಹೇಳಿದ ತಿರುವು ಅದಕ್ಕಿಂತ ನಿಜ. ಎಬಿಎಸ್ ಮಾಡಿದ್ದೇ ಬ್ರೇಕ್ ಹಾಕಿದಾಗಲೂ ಸ್ಟೇರಿಂಗ್ ಕೈಯಲ್ಲಿ ಉಳೀಲಿ ಅಂತ. ಬಾಶ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸ್‌ಗೆ ಬಂದಾಗಲೂ, ಬ್ರೇಕ್ ಒತ್ತಿಕೊಂಡೇ ಅಡ್ಡ ಬಂದದ್ದನ್ನ ಬಳಸಿ ಹೋಗಬಹುದು ಅನ್ನೋದನ್ನೇ ಅವರು ತೋರಿಸಿದ್ದು.

ಟೈರಿಗೆ ಹಿಡಿತ ಅತಿ ಹೆಚ್ಚು ಸಿಗೋದು ಅದು ಪೂರ್ತಿ ಉರುಳುವಾಗಲೂ ಅಲ್ಲ, ಪೂರ್ತಿ ನಿಂತಾಗಲೂ ಅಲ್ಲ. ಗಾಡಿಗಿಂತ ಹತ್ತಿಪ್ಪತ್ತು ಪ್ರತಿಶತ ನಿಧಾನವಾಗಿ ಉರುಳುವಾಗ. ನಾಲ್ಕೂ ಚಕ್ರಕ್ಕೆ ಸೆನ್ಸರ್ ಇಟ್ಟು ಆ ಜಾಗದಲ್ಲೇ ಹಿಡಿದಿಡೋಕೆ ಎಬಿಎಸ್ ಪ್ರಯತ್ನ ಮಾಡುತ್ತೆ. ಗಟ್ಟಿ ನೆಲದಲ್ಲಿ, ಮಳೆ ನೆಲದಲ್ಲಿ, ಐಸ್ ಮೇಲೂ ಇದು ಹೊಂದುತ್ತೆ. ಆಳದ ಸಡಿಲ ಸ್ನೋ, ಜಲ್ಲಿ, ಮರಳಲ್ಲಿ ಮಾತ್ರ ಲೆಕ್ಕ ತಲೆಕೆಳಗು.

ಈಗ ದೂರದ ಲೆಕ್ಕ ನೋಡಿ. 50 ಕಿ.ಮೀ. ಸ್ಪೀಡಲ್ಲಿ ಒಣ ಡಾಂಬರ್ ಮೇಲೆ ಗಾಡಿ ಸುಮಾರು 12 ಮೀಟರ್‌ನಲ್ಲಿ ನಿಲ್ಲುತ್ತೆ. ತುಳಿದ ಸ್ನೋ ಮೇಲೆ ಸುಮಾರು 40 ಮೀಟರ್. ನುಣ್ಣನೆ ಐಸ್ ಮೇಲೆ 100 ಮೀಟರ್ ಹತ್ತಿರ. ನಮ್ಮ ಕಾಲು ಪೆಡಲಿಗೆ ಹೋಗೋ ಒಂದು ಸೆಕೆಂಡಲ್ಲಿ ಓಡೋ 14 ಮೀಟರ್ ಇದಕ್ಕೆ ಸೇರಿಸಿ. ಯಾವ ಎಲೆಕ್ಟ್ರಾನಿಕ್ಸೂ 100 ಮೀಟರನ್ನ 12 ಮಾಡೋಕಾಗಲ್ಲ. ನೆಲದಲ್ಲಿ ಇಲ್ಲದ ಹಿಡಿತವನ್ನ ಅದು ಎಲ್ಲಿಂದ ತರಬೇಕು? ನಾಲ್ಕು ಚಕ್ರಕ್ಕೂ ಎಂಜಿನ್ ಎಳೆಯೋ ದೊಡ್ಡ ಗಾಡಿಯವರೂ ಇದನ್ನ ಓದಲಿ. ಅದು ಹೊರಡೋಕೆ ಸಹಾಯ, ನಿಲ್ಲೋಕೆ ಅಲ್ಲ.

ಫ್ಯೂಸ್ ವಿಷಯ. 2012ರ ಮಾಡೆಲ್‌ನಿಂದ ಇಲ್ಲಿ ಮಾರೋ ಎಲ್ಲ ಕಾರುಗಳಿಗೂ ಸ್ಟೆಬಿಲಿಟಿ ಕಂಟ್ರೋಲ್ ಕಡ್ಡಾಯ. ಅದು ಕೆಲಸ ಮಾಡೋದು ಎಬಿಎಸ್‌ನ ಪಂಪು, ಸೆನ್ಸರ್‌ಗಳ ಮೇಲೇ. ಒಂದು ಫ್ಯೂಸ್ ಕಿತ್ತರೆ ಗಾಡಿ ಗಿರಕಿ ಹೊಡೆಯದಂತೆ ತಡೆಯೋದೂ ಹೋಯ್ತು. ಹಿಂದಿನ ಚಕ್ರ ಮೊದಲು ಲಾಕ್ ಆಗದಂತೆ ಬ್ರೇಕ್ ಹಂಚೋದೂ ಹೋಗಬಹುದು. ಹಿಂದಿನ ಚಕ್ರ ಮೊದಲು ಲಾಕ್ ಆದ್ರೆ ಗಾಡಿ ಹಿಂದುಮುಂದಾಗಿ ನಿಲ್ಲುತ್ತೆ. ಇದನ್ನ ಟೆಸ್ಟ್ ಟ್ರ್ಯಾಕ್‌ನಲ್ಲಿ ಒಳಗೆ ಕೂತು ನೋಡಿದ್ದೀನಿ, ರಸ್ತೆಯಲ್ಲಿ ಯಾರಿಗೂ ಬೇಡ.

ಧಾರವಾಡ ಮಂದಿ, ಕ್ಯಾಲ್ಗರಿ

ಗಾಲಿಲೆಕ್ಕ ಸರ್, ಛಲೋ ಹೇಳಿದ್ರಿ. ಆದ್ರ ಟೈರಿನ ಮಾತು ಯಾರೂ ಎತ್ತಲಿಲ್ಲಲ್ರೀ! ಇಲ್ಲೆ ಚಿನೂಕ್ ಅನ್ನೂ ಬಿಸಿ ಗಾಳಿ ಬೀಸಿತಂದ್ರ ಮೈನಸ್ ಇಪ್ಪತ್ತು ಇದ್ದದ್ದು ಒಂದ ದಿನದಾಗ ಸೊನ್ನಿ ದಾಟ್ತದ. ಸ್ನೋ ಕರಗಿ ನೀರಾಗಿ ಹರೀತದ, ರಾತ್ರಿ ಮತ್ತ ಹೆಪ್ಪುಗಟ್ಟತದ. ಮುಂಜಾನೆ ರಸ್ತಾ ಕನ್ನಡಿ ಆಗಿರ್ತದ. ಮಂದಿ ಮೈನಸ್ ಇಪ್ಪತ್ತಕ್ಕ ಹೆದರತಾರ, ಖರೇ ಹೆದರಬೇಕಾದದ್ದು ಸೊನ್ನಿ ಹತ್ರ ಇರೂ ಹಸಿ ಐಸಿಗೆ. ಅದ ಎಲ್ಲಕ್ಕಿಂತ ಜಾರತದ.

ಆಲ್ ಸೀಸನ್ ಟೈರಿನ ರಬ್ಬರ್ 7 ಡಿಗ್ರಿ ಕೆಳಗ ಇಳೀತಂದ್ರ ಗಟ್ಟಿ ಆಗ್ತಾ ಹೋಗ್ತದ. ವಿಂಟರ್ ಟೈರು ಮೆತ್ತಗ ಇರ್ತದ, ನೆಲಾ ಹಿಡೀತದ. ಕೆನಡಾದ ಕ್ಯೂಬೆಕ್ ಪ್ರಾಂತ್ಯದಾಗ 2008ರಿಂದ ಕಾನೂನ ಮಾಡ್ಯಾರ, ಈಗ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ವಿಂಟರ್ ಟೈರು ಇರಾಕಬೇಕು. ತುಂಗಾತೀರ ಅಣ್ಣಾವ್ರ, ನಿಮ್ಮ ಗಾಡೀಗೆ ಯಾವ ಟೈರು ಅದಾವ?

ತುಂಗಾತೀರ, ಮಿನ್ನಿಯಾಪೊಲಿಸ್

ಗಾಡಿ ಜೊತೆ ಬಂದ ಆಲ್ ಸೀಸನ್ ಟೈರುಗಳೇ. ಮೂರು ವರ್ಷ ಆಯ್ತು. ಬದಲಾಯಿಸಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ.

ಕಾಫಿತೋಟ, ಮೂಡಿಗೆರೆ

ಇಲ್ಲಿ ಸ್ನೋ ಇಲ್ಲ, ಆದ್ರೂ ಒಂದು ಮಾತು ಸೇರಿಸ್ತೀನಿ. ನಮ್ಮ ತೋಟದ ರಸ್ತೆ ಪೂರ್ತಿ ಜಲ್ಲಿ, ಇಳಿಜಾರು. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ ಆದಮೇಲೆ ನಾನೂ ಅಂಥ ಬೈಕ್ ತಗೊಂಡೆ. ಜಲ್ಲಿಯಲ್ಲಿ ಹಿಂದಿನ ಬ್ರೇಕ್ ಒತ್ತಿದ್ರೆ ಬೈಕ್ ನಿಲ್ಲೋದೇ ಇಲ್ಲವೇನೋ ಅನ್ನೋ ಹಾಗೆ ಜಾರಿಕೊಂಡು ಹೋಗುತ್ತೆ. ರಾಮನಗರದವರು ಹೇಳಿದ್ದು ಅಕ್ಷರಶಃ ಅನುಭವಕ್ಕೆ ಬಂದಿದೆ. ಅದಕ್ಕೇ ಕೆಲವು ಬೈಕಲ್ಲಿ ಹಿಂದಿನ ಚಕ್ರದ ಎಬಿಎಸ್ ಆಫ್ ಮಾಡೋ ಸ್ವಿಚ್ ಕೊಟ್ಟಿದ್ದಾರೆ. ಆದ್ರೆ ಮಳೆಗಾಲದಲ್ಲಿ ಚಾರ್ಮಾಡಿ ಇಳಿಯುವಾಗ ಅದೇ ಎಬಿಎಸ್ ನನ್ನನ್ನ ಎರಡು ಸಲ ಉಳಿಸಿದೆ.

ರಾಮನಗರದವ, ಸಡ್ಬರಿ

ಕುಶಾಲನಗರದ ತಂಗಿಯ ಅನುಭವ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ತಿರುಗೋ ವಿಷಯ ಒಪ್ತೀನಮ್ಮ. ಫ್ಯೂಸ್ ಕೀಳಿ ಅಂತ ನಾನೂ ಯಾವತ್ತೂ ಹೇಳಲ್ಲ.

ನನ್ನ ತಕರಾರು ಇರೋದು ನಮ್ಮ ಮನಸ್ಸಿನ ಬಗ್ಗೆ. 1980ರ ದಶಕದಲ್ಲಿ ಮ್ಯೂನಿಕ್‌ನಲ್ಲಿ ಒಂದು ಟ್ಯಾಕ್ಸಿ ಕಂಪನಿಯ ಕೆಲವು ಗಾಡಿಗೆ ಎಬಿಎಸ್ ಹಾಕಿ, ಕೆಲವಕ್ಕೆ ಹಾಕದೇ ನೋಡಿದ್ರು. ಅಪಘಾತ ಕಮ್ಮಿ ಆಗಲಿಲ್ಲ. ಎಬಿಎಸ್ ಇದ್ದವರು ತಿರುವಲ್ಲಿ ಜೋರಾಗಿ ಹೋಗ್ತಿದ್ರು, ಮುಂದಿನ ಗಾಡಿಗೆ ಹತ್ತಿರ ಹೋಗ್ತಿದ್ರು. ಗಾಡಿ ಕಾಯುತ್ತೆ ಅನ್ನೋ ಧೈರ್ಯ ಬಂದಷ್ಟೂ ಬ್ರೇಕ್ ಒತ್ತೋದು ತಡ ಆಗುತ್ತೆ. ಸಡ್ಬರಿಯಲ್ಲಿ ಪ್ರತಿ ವರ್ಷ ಮೊದಲ ಸ್ನೋ ಬಿದ್ದ ದಿನ ಚರಂಡಿಗಿಳಿದ ಗಾಡಿಗಳನ್ನ ನೋಡ್ತೀನಿ, ಹೆಚ್ಚಿನವು ಹೊಸ ಗಾಡಿಗಳೇ.

ಗಾಲಿಲೆಕ್ಕ, ಮಿಷಿಗನ್

ರಾಮನಗರದವರೇ, ಇದನ್ನ ನಾನು ಪೂರ್ತಿ ಒಪ್ತೀನಿ. 2009ರಲ್ಲಿ ಅಮೆರಿಕ ಸರ್ಕಾರವೇ ವರ್ಷಗಟ್ಟಲೆ ಅಪಘಾತದ ದಾಖಲೆ ಕೂಡಿಸಿ ನೋಡಿದಾಗ, ಸಾವಾಗುವ ಅಪಘಾತಗಳ ಮೇಲೆ ಎಬಿಎಸ್‌ನ ಒಟ್ಟು ಪರಿಣಾಮ ಹತ್ತಿರ ಹತ್ತಿರ ಸೊನ್ನೆ. ಸಾವಿಲ್ಲದ ಅಪಘಾತಗಳನ್ನ ಕಾರುಗಳಲ್ಲಿ 6 ಪ್ರತಿಶತ, ಪಿಕಪ್, ಎಸ್‌ಯುವಿಗಳಲ್ಲಿ 8 ಪ್ರತಿಶತ ಕಮ್ಮಿ ಮಾಡಿದೆ. ಅಷ್ಟು ಲಾಭವನ್ನ ಯಾಕೆ ಬಿಡಬೇಕು, ಅದಕ್ಕಿಂತ ಹೆಚ್ಚು ಯಾಕೆ ನಿರೀಕ್ಷಿಸಬೇಕು?

ಇನ್ನೊಂದು. ರಸ್ತೆಗೆ ಹಾಕೋ ಉಪ್ಪಿನಿಂದ ಚಕ್ರದ ಸೆನ್ಸರ್ ಹತ್ತಿರ ತುಕ್ಕು ಹಿಡಿಯುತ್ತೆ. ಒಣ ರಸ್ತೆಯಲ್ಲಿ ನಿಧಾನಕ್ಕೆ ನಿಲ್ಲಿಸುವಾಗಲೂ ಪೆಡಲ್ ಗರಗರ ಅಂದ್ರೆ ಅದು ಸೆನ್ಸರ್ ತಪ್ಪು ಲೆಕ್ಕ ಕೊಡ್ತಿರೋ ಲಕ್ಷಣ. ಮೆಕ್ಯಾನಿಕ್ ಹತ್ರ ತೋರಿಸಿ. ಎಬಿಎಸ್ ದೀಪ ಹತ್ತಿದ್ರೆ ಮಾಮೂಲಿ ಬ್ರೇಕ್ ಇರುತ್ತೆ, ಚಕ್ರ ಮಾತ್ರ ಲಾಕ್ ಆಗಬಹುದು.

ಮಂಜಿನೂರು, ಡುಲುತ್

ತುಂಗಾತೀರ ಅವರೇ, ನಾಳೆ ಭಾನುವಾರ ಬೆಳಗ್ಗೆ ಖಾಲಿ ಪಾರ್ಕಿಂಗ್ ಜಾಗ ಹುಡುಕಿ. ಜಾಗದವರನ್ನ ಕೇಳಿಕೊಂಡು, ದೀಪದ ಕಂಬ ಇಲ್ಲದ ಕಡೆ ಹೋಗಿ. 30 ಕಿ.ಮೀ.ಗೆ ತಂದು ಬ್ರೇಕ್ ಒತ್ತಿ, ಪೆಡಲ್ ಒದ್ದರೂ ಕಾಲು ತೆಗೀಬೇಡಿ. ಹತ್ತು ಸಲ ಮಾಡಿ. ಆ ಸದ್ದು ಕಾಲಿಗೆ ಅಭ್ಯಾಸ ಆಗಬೇಕು, ಬುದ್ಧಿಗೆ ಗೊತ್ತಾದ್ರೆ ಸಾಲದು.

ತುಂಗಾತೀರ, ಮಿನ್ನಿಯಾಪೊಲಿಸ್

ಹೋಗಿ ಬಂದೆ. ಮನೆ ಹತ್ತಿರದ ಚರ್ಚ್‌ನವರು ಮಧ್ಯಾಹ್ನ ಅವರ ಪಾರ್ಕಿಂಗ್ ಜಾಗ ಬಳಸೋಕೆ ಬಿಟ್ಟರು. ಮೊದಲ ಮೂರು ಸಲ ಗೊತ್ತಿದ್ದೂ ಕಾಲು ತಾನಾಗೇ ಮೇಲೆ ಬಂತು. ನಾಲ್ಕನೇ ಸಲ ಹಲ್ಲು ಕಚ್ಚಿ ಒತ್ತಿಹಿಡಿದೆ. ಗಾಡಿ ನೆಟ್ಟಗೆ ನಿಂತಿತು. ಬ್ರೇಕ್ ಶುರುಮಾಡಿದ ಗುರುತಿಂದ ಹೆಜ್ಜೆ ಹಾಕಿ ಅಳೆದೆ: 24 ಹೆಜ್ಜೆ. ಸ್ನೋ ಪೂರ್ತಿ ತೆಗೆದು ಒಣಗಿದ್ದ ಮೂಲೆಯಲ್ಲಿ ಅದೇ ಸ್ಪೀಡಲ್ಲಿ 6 ಹೆಜ್ಜೆ. ಕಾಗದದ ಮೇಲಿನ ಲೆಕ್ಕ ಓದಿದ್ದಕ್ಕಿಂತ ಆ ಹದಿನೆಂಟು ಹೆಜ್ಜೆ ನಡೆದದ್ದು ನನಗೆ ಹೆಚ್ಚು ಅರ್ಥ ಆಯ್ತು.

ಆಮೇಲೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟು, ಬ್ರೇಕ್ ಒತ್ತಿಕೊಂಡೇ ಪಕ್ಕಕ್ಕೆ ತಿರುಗಿಸಿದೆ. ಪೆಟ್ಟಿಗೆ ಉಳೀತು. ಕುಶಾಲನಗರದ ಮೇಡಂ, ಆಗ ನಿಮ್ಮ ಜಿಂಕೆ ನೆನಪಾಯ್ತು.

ರಾಮನಗರದವ, ಸಡ್ಬರಿ

ಒಳ್ಳೇ ಕೆಲಸ ಮಾಡಿದ್ರಿ. ಟೈರಿನ ಗೆರೆ ಎಷ್ಟು ಆಳ ಉಳಿದಿದೆ ಅಳೆದ್ರಾ?

ತುಂಗಾತೀರ, ಮಿನ್ನಿಯಾಪೊಲಿಸ್

ಅಳೆದೆ ಸರ್. 4 ಮಿಲಿಮೀಟರ್.

ರಾಮನಗರದವ, ಸಡ್ಬರಿ

ಅಷ್ಟು ಸವೆದ ಟೈರಲ್ಲಿ ಸ್ನೋ ಮೇಲೆ ಹೋಗಬೇಡಿ ಅಂತ ಕೆನಡಾ ಸರ್ಕಾರವೇ ಹೇಳುತ್ತೆ. ಈ ವಾರವೇ ವಿಂಟರ್ ಟೈರು ಹಾಕಿಸಿ. ಮುಂದಿನ ಎರಡಕ್ಕೆ ಮಾತ್ರ ಸಾಕು ಅಂತ ಅಂಗಡಿಯವರು ಹೇಳಿದ್ರೆ ಕೇಳಬೇಡಿ, ನಾಲ್ಕೂ ಹಾಕಿಸಿ. ರಿಮ್ ಸಮೇತ ತಗೊಂಡ್ರೆ ಏಪ್ರಿಲ್‌ನಲ್ಲಿ ಮನೆಯಲ್ಲೇ ಬದಲಾಯಿಸಿಕೊಳ್ಳಬಹುದು. ಅಲ್ಲೀತನಕ ಮಗಳ ಈಜು ಕ್ಲಾಸಿಗೆ ಹತ್ತು ನಿಮಿಷ ಮುಂಚೆ ಹೊರಡಿ.