ಟ್ರಿಪ್ 35, ಎಕ್ಸ್‌ಎ, ಮ್ಯೂ 2: ದುಡ್ಡಿಗೆ ತಕ್ಕ ಫಿಲ್ಮ್ ಕ್ಯಾಮೆರಾ ಯಾವುದು?

ಸಂತೆಬೀದಿ:
ನಮಸ್ಕಾರ. ಜೇಬಿಗೆ ಹಿಡಿಸುವ ಹಳೇ ಫಿಲ್ಮ್ ಕ್ಯಾಮೆರಾ ಬೇಕಾಗಿದೆ. ಒಬ್ಬರ ಹತ್ತಿರ ಒಲಿಂಪಸ್ಸಿನ ಮೂರು ಇವೆ. ಟ್ರಿಪ್ 35 ಅಗ್ಗ, ಎಕ್ಸ್‌ಎ ಅದರ ದುಪ್ಪಟ್ಟು, ಮ್ಯೂ 2 ಇನ್ನೂ ಜಾಸ್ತಿ. ನಾನು ತೆಗೆಯೋದು ಹಗಲಲ್ಲಿ ಸಂತೆ, ಬೀದಿ, ಸಂಜೆ ಮನೆಯವರು. ಮ್ಯೂ 2ಗೆ ಅಷ್ಟು ಕೊಡಬಹುದಾ?

ಹಳೇಶಟರ್:
ಮೂರನ್ನೂ ಬಳಸಿದ್ದೇನೆ. ನಿಮ್ಮ ಕೆಲಸಕ್ಕೆ ಎಕ್ಸ್‌ಎ ತಗೊಳ್ಳಿ ಅಂತೀನಿ.

ಮೊದಲು ಮ್ಯೂ 2. 1997ರದ್ದು. 35 ಎಂಎಂ ಎಫ್/2.8 ಲೆನ್ಸ್ ನಿಜಕ್ಕೂ ಚೂಪು, ತೂಕವೂ ತುಂಬಾ ಕಡಿಮೆ. ಆದರೆ ಒಳಗಿರೋದೆಲ್ಲ ಎಲೆಕ್ಟ್ರಾನಿಕ್ಸ್. ಬೋರ್ಡ್ ಹೋದರೆ ಇನ್ನೊಂದು ಕೆಟ್ಟ ಮ್ಯೂನಿಂದ ಕಿತ್ತು ಹಾಕಬೇಕು, ಅಷ್ಟೇ ದಾರಿ. ಪ್ರತಿ ಸಲ ಮುಚ್ಚಳ ತೆರೆದಾಗಲೂ ಫ್ಲ್ಯಾಶ್ ತಾನೇ ಆಟೋಗೆ ಹೋಗುತ್ತದೆ. ಸಂಜೆ ಕಿಟಕಿಯ ಬೆಳಕಲ್ಲಿ ಅಮ್ಮ ಕೂತಿದ್ದಾರೆ ಅಂದುಕೊಳ್ಳಿ. ನೀವು ಫ್ಲ್ಯಾಶ್ ಆಫ್ ಮಾಡೋದು ಮರೆತು ಒತ್ತಿದರೆ ಆ ಬೆಳಕೇ ಚಿತ್ರದಲ್ಲಿ ಇರೋದಿಲ್ಲ.

ಎಕ್ಸ್‌ಎ 1979ರಲ್ಲಿ ಬಂದದ್ದು, ಒಲಿಂಪಸ್ಸಿನ ವಿನ್ಯಾಸಕ ಮೈತಾನಿ ಯೊಶಿಹಿಸಾ ಅವರ ವಿನ್ಯಾಸ. ಅಷ್ಟು ಪುಟ್ಟ ಡಬ್ಬಿಯಲ್ಲಿ ನಿಜವಾದ ರೇಂಜ್‌ಫೈಂಡರ್ ಇದೆ, ಅಂದರೆ ಕಾಣುವ ಎರಡು ಬಿಂಬಗಳನ್ನು ಒಂದಾಗಿ ಕೂಡಿಸಿ ಫೋಕಸ್ ಮಾಡೋದು. ಅಪರ್ಚರ್, ಅಂದರೆ ಲೆನ್ಸಿನ ಕಂಡಿ ಎಷ್ಟು ತೆರೆಯಬೇಕು ಅನ್ನೋದನ್ನು ನೀವು ಇಡುತ್ತೀರಿ, ಶಟರ್ ಸ್ಪೀಡ್ ಅದು ನೋಡಿಕೊಳ್ಳುತ್ತದೆ. ಪೂರ್ತಿ ತೆರೆದ ಎಫ್/2.8ರಲ್ಲಿ ಚಿತ್ರದ ಮೂಲೆಗಳು ಸ್ವಲ್ಪ ಕಪ್ಪಾಗುತ್ತವೆ. ಮುಖದ ಫೋಟೊಗೆ ನನಗಂತೂ ಅದೇ ಇಷ್ಟ. ಬಟನ್ ಬ್ಯಾಟರಿ, ಎಲ್‌ಆರ್44 (ಆಲ್ಕಲೈನ್) ಬದಲು ಎಸ್‌ಆರ್44 (ಸಿಲ್ವರ್ ಆಕ್ಸೈಡ್) ಹಾಕಿ. ಬೆಲೆ ಸ್ವಲ್ಪ ಜಾಸ್ತಿ, ಆದರೆ ವೋಲ್ಟೇಜ್ ಕೊನೆಯವರೆಗೂ ಹೆಚ್ಚುಕಮ್ಮಿ ಒಂದೇ ಸಮ ಇರುತ್ತದೆ.

ಹಾಗೇ ಕಾಂಟಾಕ್ಸ್ ಟಿ2 ಅನ್ನೋ ದುಬಾರಿ ಪುಟ್ಟ ಕ್ಯಾಮೆರಾ ಕಡೆ ಮನಸ್ಸು ಹೋದರೆ ತಡೆಯಿರಿ. ಟೈಟಾನಿಯಂ ಮೈ, ಜೈಸ್ ಸೊನಾರ್ ಲೆನ್ಸ್, ಎಲ್ಲಾ ಸರಿ. ಆದರೆ ಅದನ್ನು ಮಾಡುತ್ತಿದ್ದ ಕ್ಯೊಸೆರಾ ಕಂಪನಿ 2005ರಲ್ಲೇ ಕ್ಯಾಮೆರಾ ವ್ಯವಹಾರ ಬಿಟ್ಟಿತು, ಕೆಟ್ಟರೆ ರಿಪೇರಿ ಕಷ್ಟ. ಆ ದುಡ್ಡಿಗೆ ಒಂದು ಎಕ್ಸ್‌ಎ ಕೊಂಡು, ಉಳಿದದ್ದನ್ನು ರೋಲು ಮತ್ತು ಡೆವಲಪಿಂಗ್‌ಗೆ ಹಾಕಿ.

ಮಳೆಗಾಲ36:
ಮ್ಯೂ 2 ಬಗ್ಗೆ ಒಪ್ಪಲಾರೆ. ನಮ್ಮದು ಶಿರಸಿ ಕಡೆ. ಜುಲೈನಲ್ಲಿ ತುಂತುರು ಮಳೆಯಲ್ಲೂ ಹೊರಗೆ ತೆಗೆಯೋ ಧೈರ್ಯ ಅದೊಂದೇ ಕೊಡುತ್ತದೆ. ಮಗು ಓಡಾಡುತ್ತಿದ್ದರೆ ರೇಂಜ್‌ಫೈಂಡರಿನಲ್ಲಿ ಎರಡು ಬಿಂಬ ಕೂಡಿಸುತ್ತಾ ಕೂರಲು ಆಗಲ್ಲ, ಆಟೋಫೋಕಸ್ ಬೇಕೇ ಬೇಕು.

ಸಂತೆಬೀದಿ:
ನಮ್ಮ ಮನೆಯಲ್ಲಿ ಓಡೋ ಮಕ್ಕಳಿಲ್ಲ ಸರ್ :) ಹಾಗಾದರೆ ಮ್ಯೂ ಬಿಡುತ್ತೇನೆ. ಟ್ರಿಪ್ ಮಾತ್ರ ಕಣ್ಣಲ್ಲೇ ಇದೆ. ಅದು ಬೇಡವೇ ಬೇಡವಾ?

ಹಳೇಶಟರ್:
ಬೇಡ ಅನ್ನಲು ಮನಸ್ಸೇ ಬರೋದಿಲ್ಲ. 1967ರಿಂದ 1984ರವರೆಗೆ ಮಾಡಿದ್ದಾರೆ. ಬ್ಯಾಟರಿಯೇ ಇಲ್ಲ, ಲೆನ್ಸ್ ಸುತ್ತಲಿನ ಸೆಲೆನಿಯಂ ಸೆಲ್ ಬೆಳಕಿನಿಂದಲೇ ಕೆಲಸ ಮಾಡುತ್ತದೆ. ಸಂತೆಗೆ ಭರ್ಜರಿ ಕ್ಯಾಮೆರಾ. ಆದರೆ ಶಟರ್ ಸ್ಪೀಡ್ ಎರಡೇ, ಸೆಕೆಂಡಿನ 1/40 ಮತ್ತು 1/200. ಸಂಜೆ ಮನೆಯೊಳಗೆ ಕಮ್ಮಿ ಬೆಳಕಿಗೂ ಆಗೋ 400 ಐಎಸ್‌ಒ ಫಿಲ್ಮ್ ಹಾಕಿದರೂ ಬಹಳ ಸಲ ಒತ್ತಲು ಬಿಡೋದಿಲ್ಲ.

ಹೋದಾಗ ಎರಡನ್ನೂ ಪರೀಕ್ಷಿಸಿ. ಟ್ರಿಪ್ಪನ್ನು ಎ (ಆಟೋ) ಮೇಲಿಟ್ಟು, ಸೆಲ್ ಅನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಬಟನ್ ಒತ್ತಿ. ವ್ಯೂಫೈಂಡರಿನಲ್ಲಿ ಕೆಂಪು ಪಟ್ಟಿ ಏಳಬೇಕು, ಶಟರ್ ಬೀಳಬಾರದು. ಬಿಸಿಲಿಗೆ ಹಿಡಿದರೆ ಬೀಳಬೇಕು. ಎಕ್ಸ್‌ಎಯಲ್ಲಿ ರೇಂಜ್‌ಫೈಂಡರಿನ ಮಧ್ಯದ ಚೌಕ ಮಾಸಿ ಕಾಣದಂತಾಗಿದ್ದರೆ ಆ ಪೀಸು ಬಿಟ್ಟು, ಟ್ರಿಪ್ಪನ್ನೇ ತಗೊಳ್ಳಿ. ಹಿಂಬಾಗಿಲಿನ ಫೋಮ್ ಅಂಟಂಟಾಗಿ ಉದುರುತ್ತಿದ್ದರೆ ಹೆದರಬೇಡಿ, ಹೊಸದನ್ನು ಮನೆಯಲ್ಲೇ ಹಾಕಬಹುದು. ಅದನ್ನೇ ತೋರಿಸಿ ಬೆಲೆ ಇಳಿಸಿ.