ಪದ ಬೇಕಾಗಿದೆ: ಫ್ಯಾನಿನ ಸ್ಪ್ಲಿಟ್ ಪಿನ್ನಿಗೆ ಕನ್ನಡ (ನಾಳೆ ಸಂಜೆ ಅಚ್ಚಿಗೆ)

ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ಸೀಲಿಂಗ್ ಫ್ಯಾನನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವರಿಗಾಗಿ ಎರಡು ಪುಟದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬಿ.ಎಚ್. ರಸ್ತೆಯ ಪ್ರೆಸ್ಸಿಗೆ ನಾಳೆ ಸಂಜೆ ಆರರೊಳಗೆ ತಲುಪಿಸಬೇಕು. ಬ್ಲೇಡಿಗೆ ‘ರೆಕ್ಕೆ’ ಅಂತ ಹಾಕಿದ್ದೇನೆ, ಅದರಲ್ಲಿ ಅನುಮಾನವಿಲ್ಲ. ತಡೆದಿರುವುದು ಮೂರು ಕಡೆ.

ಮೊದಲನೆಯದು ಸ್ಪ್ಲಿಟ್ ಪಿನ್. ವಾಕ್ಯ ಹೀಗಿದೆ: “ರಾಡಿನ ತಲೆಗೆ ಅಡ್ಡಲಾಗಿ ಹಾಯುವ ಬೋಲ್ಟಿಗೆ ನಟ್ಟು ಬಿಗಿದ ಮೇಲೆ, ಬೋಲ್ಟಿನ ತುದಿಯ ತೂತಿಗೆ ______ ತೂರಿಸಿ ಅದರ ಎರಡೂ ಕಾಲು ಮಡಚಬೇಕು.” ಎರಡನೆಯದು ಕೆಪಾಸಿಟರ್. ಮೂರನೆಯದು, ಓಡುವಾಗ ಇಡೀ ಫ್ಯಾನು ಅತ್ತಿತ್ತ ಆಡುತ್ತದಲ್ಲ, ಅದಕ್ಕೆ ಯಾವ ಕ್ರಿಯಾಪದ ಅನ್ನುವುದು.

ಚಿಂತಾಮಣಿಯಿಂದ:

ಸ್ಪ್ಲಿಟ್ ಪಿನ್ನಿಗೆ ಹುಡುಕಾಟವೇ ಬೇಡ. ಕಡಾಣಿ. ಕಡೆ + ಆಣಿ. ಎತ್ತಿನ ಗಾಡಿಯ ಅಚ್ಚಿನ ತುದಿಯಲ್ಲಿ ಚಕ್ರ ಕಳಚದ ಹಾಗೆ ತೂರಿಸುವ ಕಬ್ಬಿಣದ ಕಡ್ಡಿ. ಸಿದ್ಧಗಂಗೆ ಜಾತ್ರೆಗೆ ಗಾಡಿ ಕಟ್ಟಿಕೊಂಡು ಬರುತ್ತಿದ್ದವರಿಗೆಲ್ಲ ಗೊತ್ತಿದ್ದ ಮಾತು. ಫ್ಯಾನಿನಲ್ಲೂ ಕೆಲಸ ಅದೇ, ಕೊನೆಯಲ್ಲಿ ನಿಂತು ಕಳಚದಂತೆ ಕಾಯುವುದು. ಆಣಿ ನಮ್ಮದೇ ಪದ, ತಮಿಳಿನಲ್ಲೂ ಇದೆ. ಋಗ್ವೇದದಲ್ಲಿ ರಥದ ಆಣಿ ಬರುವುದರಿಂದ ಕೆಲವರು ಇದನ್ನು ಸಂಸ್ಕೃತದ ಲೆಕ್ಕಕ್ಕೆ ಸೇರಿಸುತ್ತಾರೆ. ಕೊಟ್ಟವರು ನಾವು, ತೆಗೆದುಕೊಂಡವರು ಅವರು ಎನ್ನುವುದು ನನ್ನ ನಿಲುವು.

ಬೇರಿಂಗಿಗೆ ಹಾಕುವ ಗ್ರೀಸಿಗೂ ‘ಕೀಲೆಣ್ಣೆ’ ಅಂತ ಬಳಸಿ. ಹುಲ್ಲಿನ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಅಚ್ಚಿಗೆ ಬಳಿಯುತ್ತಿದ್ದದ್ದು. ಒಳ್ಳೆಯ ಪದ ಸಾಯುತ್ತಿದೆ.

ಗೌರಿಬಿದನೂರಿನಿಂದ:

ಕಡಾಣಿಗಿಂತ ಕಡೆಗೀಲು ಮೇಲು. ಜೇಡರ ದಾಸಿಮಯ್ಯನ ವಚನದಲ್ಲಿ ಬಂಡಿಗೆ ಆಧಾರ ಕಡೆಗೀಲೇ. ಆಣಿ ಅಂದರೆ ಈಗಿನವರಿಗೆ ಅಂಗಾಲಿನ ಆಣಿ ನೆನಪಾಗುತ್ತದೆ. ಕೀಲು ತದ್ಭವವಾಗಿ ಒಗ್ಗಿಹೋದ ಪದ, ಆದ್ದರಿಂದ ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ ಎಂಬ ತಕರಾರು ಯಾರೂ ಹೂಡಬೇಡಿ.

ಕೆಪಾಸಿಟರಿಗೆ ‘ಧಾರಕ’. ವಿಜ್ಞಾನದ ಪಠ್ಯಪುಸ್ತಕದಲ್ಲಿ ಇರುವುದೇ ಅದು. ಮುಗಿಯಿತು.

ತಿಪಟೂರಿನಿಂದ:

ಮುಗಿದಿಲ್ಲ ಮೇಷ್ಟ್ರೇ. ನಾನು ಮೋಟಾರು ಕಟ್ಟುವ ಕಸುಬಿನವನು, ವಸ್ತುವನ್ನು ಕೈಯಲ್ಲಿ ಹಿಡಿದು ಮಾತಾಡೋಣ.

ಗಾಡಿಯ ಕಡಾಣಿ ಒಂದೇ ಕಡ್ಡಿ. ಚಕ್ರದ ಒತ್ತಡವನ್ನು ತಾನೇ ತಡೆಯುತ್ತದೆ. ಫ್ಯಾನಿನ ಪಿನ್ನು ಬೇರೆ. ಅರೆದುಂಡಗಿನ ತಂತಿಯನ್ನು ನಡುವೆ ಮಡಚಿ, ತಲೆಯಲ್ಲಿ ಒಂದು ಕಣ್ಣು ಬಿಟ್ಟು, ಎರಡು ಕಾಲು ಒಂದಕ್ಕೊಂದು ಅಂಟಿಕೊಂಡು ಒಂದೇ ದುಂಡು ಕಡ್ಡಿಯಂತೆ ಕಾಣುವ ಹಾಗೆ ಮಾಡಿದ್ದು. ಒಂದು ಕಾಲು ಇನ್ನೊಂದಕ್ಕಿಂತ ಚೂರು ಉದ್ದ, ಉಗುರು ಸಿಕ್ಕಿಸಿ ಬಿಡಿಸಲಿ ಅಂತ. ಫ್ಯಾನಿನ ಭಾರ ಹೊರುವುದು ಬೋಲ್ಟು. ಬೋಲ್ಟು ಜಾರದಂತೆ ತಡೆಯುವುದು ನಟ್ಟು. ನಟ್ಟು ತಿರುಗಿ ಬಿಚ್ಚಿಕೊಳ್ಳದಂತೆ ಕಾಯುವುದಷ್ಟೇ ಪಿನ್ನಿನ ಕೆಲಸ. ಫುಲ್ಲಿನಲ್ಲಿ ಫ್ಯಾನು ನಿಮಿಷಕ್ಕೆ ಸುಮಾರು 350 ಸುತ್ತು ಓಡುತ್ತದೆ, ಆ ಅದುರಿಗೆ ಎಷ್ಟು ಬಿಗಿದ ನಟ್ಟೂ ತಿಂಗಳಾನುಗಟ್ಟಲೆಯಲ್ಲಿ ಸಡಿಲವಾಗುತ್ತದೆ. ಇಂಥ ಬೋಲ್ಟು ಎರಡು ಕಡೆ ಇರುತ್ತದೆ, ಮೇಲೆ ಹುಕ್ಕಿನ ಕ್ಲಾಂಪಿನಲ್ಲಿ ಒಂದು, ಕೆಳಗೆ ರಾಡು ಮೋಟಾರಿಗೆ ಕೂಡುವಲ್ಲಿ ಒಂದು. ಎರಡಕ್ಕೂ ಪಿನ್ನು ಬೇಕು. ಕೆಳಗಿನದು ಬಟ್ಟಲಿನಂಥ ಮುಚ್ಚಳದೊಳಗೆ ಮುಚ್ಚಿಹೋಗುವುದರಿಂದ ಜನ ಅದನ್ನು ಮರೆಯುತ್ತಾರೆ.

ಕಡೆಗೀಲು ಅಂತ ಅಚ್ಚು ಹಾಕಿದರೆ ಓದುವವನು ಮೊಳೆಯನ್ನೋ ಗಟ್ಟಿ ತಂತಿಯನ್ನೋ ತೂರಿಸಿ ಕೆಳಗಿಳಿಯುತ್ತಾನೆ, ಏಕೆಂದರೆ ಕೀಲು ಅಂದರೆ ಅದೇ. ಕಾಲು ಮಡಚದ ಮೊಳೆ ಅದುರಿಗೆ ಉದುರುತ್ತದೆ, ಆಮೇಲೆ ನಟ್ಟು, ಆಮೇಲೆ ಬೋಲ್ಟು. ಕೆಳಗೆ ಮಂಚ ಇರುತ್ತದೆ. ಇನ್ನೊಂದು, ಬಿಚ್ಚಿದ ಪಿನ್ನನ್ನು ಮತ್ತೆ ಹಾಕಬಾರದು. ಒಮ್ಮೆ ಮಡಚಿ ನೆಟ್ಟಗೆ ಮಾಡಿದ ಕಾಲು ಎರಡನೇ ಸಲ ಮಡಚುವಾಗ ಬಿರುಕು ಬಿಡುತ್ತದೆ. ಅಂಗಡಿಯಲ್ಲಿ ‘ಸ್ಪ್ಲಿಟ್ ಪಿನ್ನು’ ಅಥವಾ ‘ಕಾಟರ್ ಪಿನ್ನು’ ಅಂದರೆ ಕೊಡುತ್ತಾರೆ.

ಕೀಲೆಣ್ಣೆ ಅಂತೂ ಬೇಡವೇ ಬೇಡ. ಫ್ಯಾನಿನ ಬೇರಿಂಗಿನ ಎರಡೂ ಬದಿಗೆ ತಗಡು ಮುಚ್ಚಿರುತ್ತದೆ, ಗ್ರೀಸು ಒಳಗೇ ತುಂಬಿ ಬಂದಿರುತ್ತದೆ. ಕೀಲೆಣ್ಣೆ ಅಂತ ಓದಿದವನು ಹರಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಬಿಡುತ್ತಾನೆ. ಅದು ಧೂಳು ಹಿಡಿದು ಅಂಟಾಗುತ್ತದೆ, ಸೋರಿ ವೈಂಡಿಂಗಿಗೂ, ಅಂದರೆ ಮೋಟಾರಿನ ತಂತಿಸುರುಳಿಗೂ, ಇಳಿಯುತ್ತದೆ. ಸದ್ದು ಮಾಡುವ ಬೇರಿಂಗನ್ನು ಬದಲಾಯಿಸಬೇಕು, ಅಷ್ಟೆ. ಬಹಳ ಫ್ಯಾನುಗಳಲ್ಲಿ ಇರುವುದು 6202 ಮತ್ತು 6201. ಮೊದಲನೆಯದರ ಒಳದುಂಡು 15 ಮಿ.ಮೀ., ಎರಡನೆಯದರದು 12. ತೆಗೆದದ್ದರ ಮೇಲೆ ಕೊರೆದ ಅಂಕಿ ನೋಡಿಯೇ ಹೊಸದು ತರಬೇಕು.

ಚಿಂತಾಮಣಿಯಿಂದ:

ಹಾಗಾದರೆ ‘ಕವಲಾಣಿ’ ಎನ್ನಿ. ಕವಲೊಡೆದ ಆಣಿ. ಮೊಳೆಯೊಂದಿಗೆ ಗೊಂದಲವಾಗುವುದಿಲ್ಲ.

ಮುಳಬಾಗಿಲಿನಿಂದ:

ಕವಲಾಣಿ ಸೊಗಸಾಗಿದೆ. ಧಾರಕ ಮಾತ್ರ ಕನ್ನಡವಲ್ಲ. ಇಂಗ್ಲಿಷನ್ನು ಹೊರಗೆ ಹಾಕಿ ಸಂಸ್ಕೃತವನ್ನು ಒಳಗೆ ಕರೆದರೆ ಎರವಲು ಎರವಲೇ. ನನ್ನ ಸಲಹೆ ‘ಮಿಂಚುಗೂಡು’. ಮಿಂಚನ್ನು ಕೂಡಿಡುವ ಗೂಡು.

ಗೌರಿಬಿದನೂರಿನಿಂದ:

ಮಿಂಚುಗೂಡು ಯಾರ ಬಾಯಲ್ಲೂ ಇಲ್ಲ. ಸಾವಿರ ವರ್ಷ ಜೊತೆಗಿದ್ದ ಸಂಸ್ಕೃತವನ್ನೂ ನಿನ್ನೆ ಮೊನ್ನೆಯ ಇಂಗ್ಲಿಷನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಗಾಡಿಯ ‘ಅಚ್ಚು’ ಕೂಡ ಅಕ್ಷದ ತದ್ಭವ. ಅದನ್ನೂ ಹೊರಗೆ ಹಾಕುತ್ತೀರಾ?

ಮುಳಬಾಗಿಲಿನಿಂದ:

ಅಚ್ಚು ನಾಲಿಗೆಗೆ ಒಗ್ಗಿ ಬಂದಿದೆ, ಧಾರಕ ನಿಘಂಟಿನಿಂದ ಇಳಿದು ಬಂದಿದೆ. ನನ್ನ ಜಗಳ ಇಳಿದು ಬಂದದ್ದರ ಜೊತೆ ಮಾತ್ರ.

ತಿಪಟೂರಿನಿಂದ:

ಹಾಗೆ ನೋಡಿದರೆ ಒಗ್ಗಿ ಬಂದಿರುವುದು ‘ಕಂಡೆನ್ಸರ್’. ಗುಬ್ಬಿಯಿಂದ ಪಾವಗಡದವರೆಗೆ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಜನ ಕೇಳುವುದು ಹಾಗೇ. ಇದು ಹಳೆಯ ಹೆಸರು, ಇಟಲಿಯ ವಿಜ್ಞಾನಿ ವೋಲ್ಟಾ 1782ರಲ್ಲಿ ಇಟ್ಟದ್ದು. ಕೆಪಾಸಿಟರ್ ಆಮೇಲೆ ಬಂತು. ಪುಸ್ತಕದವರು ಹೆಸರು ಬದಲಾಯಿಸಿಕೊಂಡರು, ಅಂಗಡಿಯವರು ಬದಲಾಯಿಸಲಿಲ್ಲ.

ಇನ್ನು ಧಾರಕವಾಗಲಿ ಗೂಡಾಗಲಿ, ಎರಡೂ ಕೂಡಿಡುವ ಅರ್ಥವನ್ನೇ ಹೇಳುತ್ತವೆ. ಫ್ಯಾನಿನಲ್ಲಿ ಅದನ್ನು ಹಾಕುವುದು ಕೂಡಿಡಲಿಕ್ಕಲ್ಲ. ಮೋಟಾರಿನಲ್ಲಿ ಎರಡು ಸುರುಳಿ. ಒಂದಕ್ಕೆ ಕರೆಂಟು ನೇರವಾಗಿ ಹೋಗುತ್ತದೆ, ಇನ್ನೊಂದಕ್ಕೆ ಕಂಡೆನ್ಸರಿನ ಮೂಲಕ. ಕಂಡೆನ್ಸರು ಆ ಎರಡನೆಯ ಕರೆಂಟನ್ನು ಕೊಂಚ ಮುಂದಕ್ಕೆ ಸರಿಸುತ್ತದೆ. ಎರಡು ಎಳೆತ ಒಂದಾದ ಮೇಲೊಂದು ಬರುವುದರಿಂದಲೇ ಕಾಂತದ ಬಲ ಸುತ್ತುತ್ತದೆ, ಫ್ಯಾನು ಒಂದು ದಿಕ್ಕು ಹಿಡಿದು ಹೊರಡುತ್ತದೆ. ಕಂಡೆನ್ಸರು ಸತ್ತಾಗ ಫ್ಯಾನು ನಿಂತಲ್ಲೇ ಗುಂಯ್ ಅನ್ನುತ್ತದೆ. ಒಣಗಿದ ಕೋಲಿನಿಂದ ರೆಕ್ಕೆಯನ್ನು ಯಾವ ಕಡೆ ನೂಕಿದರೆ ಆ ಕಡೆಗೇ ಓಡುತ್ತದೆ. ನಿಮ್ಮ ಕೈಪಿಡಿಯಲ್ಲಿ ಈ ಗುರುತು ತಪ್ಪದೆ ಇರಲಿ.

ಅಳತೆಯನ್ನೂ ಬರೆಯಿರಿ. ಸಾಮಾನ್ಯವಾಗಿ 2.5 ಮೈಕ್ರೊಫ್ಯಾರಡ್, 440 ವೋಲ್ಟ್ ಎಸಿ. ಹಳೆಯ ಫ್ಯಾನಿನಲ್ಲಿ 2.25 ಅಥವಾ 3.15 ಇರಬಹುದು. ಹಳೆಯದರ ಮೇಲೆ ಏನಿದೆಯೋ ಅದನ್ನೇ ಹಾಕಬೇಕು. ದೊಡ್ಡದು ಹಾಕಿದರೆ ಜೋರಾಗಿ ಓಡುತ್ತದೆ ಅಂತ ಹಾಕುತ್ತಾರೆ, ಎರಡನೇ ಸುರುಳಿ ಕಾದು ಸುಡುತ್ತದೆ. ಶೇಕಡಾ 5ರಷ್ಟು ಹೆಚ್ಚುಕಮ್ಮಿ ನಡೆಯುತ್ತದೆ, ಅಂದರೆ 2.5ರದ್ದು ಅಳೆಯುವ ಮೀಟರಿನಲ್ಲಿ 2.38ರಿಂದ 2.62ರವರೆಗೆ ತೋರಿಸಿದರೆ ಸರಿ. 1.8ಕ್ಕೆ ಇಳಿದಿದ್ದರೆ ಫುಲ್ಲಿಗಿಟ್ಟರೂ ಗಾಳಿ ಬಾರದ ಫ್ಯಾನಿಗೆ ಕಾರಣ ಸಿಕ್ಕಿತು ಅಂತಲೇ. ಕೈಯಿಡುವ ಮುಂಚೆ ಸ್ವಿಚ್ಚು ಆರಿಸಿದರೆ ಸಾಲದು, ಮೇನ್ ಇಳಿಸಬೇಕು. ಎಷ್ಟೋ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್ ತಂತಿಗೆ ಹಾಕಿರುತ್ತಾರೆ, ಫ್ಯಾನು ನಿಂತರೂ ಫೇಸು, ಅಂದರೆ ಕರೆಂಟಿರುವ ತಂತಿ, ಮೇಲೆ ಕಾಯುತ್ತಲೇ ಇರುತ್ತದೆ.

ತುಮಕೂರಿನಿಂದ:

ಬಹಳ ಉಪಕಾರವಾಯಿತು. ಕಂಡೆನ್ಸರ್ ಎಂದೇ ಇಡುತ್ತೇನೆ. ಮೂರನೆಯದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಈಗ ‘ಅಲುಗಾಡುವುದು’ ಅಂತ ಬರೆದಿದ್ದೇನೆ.

ಗೌರಿಬಿದನೂರಿನಿಂದ:

ಅಲುಗಾಡುವುದು ಸಡಿಲವಾದ ಹಲ್ಲಿಗೆ. ಫ್ಯಾನಿಗೆ ‘ಓಲಾಡು’. ತೇರು ಓಲಾಡುತ್ತದೆ, ತೆಪ್ಪ ಓಲಾಡುತ್ತದೆ. ಮೇಲಿನ ನೆಲೆ ಅಲ್ಲೇ ಇದ್ದು ಮೈ ಎರಡು ಕಡೆಗೂ ಹೋಗಿಬರುವುದು. ‘ವಾಲು’ ಬೇಡ, ಅದು ಒಂದೇ ಕಡೆಗೆ.

ತಿಪಟೂರಿನಿಂದ:

ಇದನ್ನು ಪೂರ್ತಿ ಒಪ್ಪುತ್ತೇನೆ. ಅದರ ಜೊತೆಗೆ ‘ಅದುರು’ ಬೇರೆ, ‘ಓಲಾಡು’ ಬೇರೆ ಅಂತ ಕೈಪಿಡಿಯಲ್ಲೇ ಬಿಡಿಸಿ ಹೇಳಿ. ರಾಡನ್ನು ಮುಟ್ಟಿದರೆ ಬೆರಳಿಗೆ ಜುಮ್ ಅನ್ನುವ ಸಣ್ಣ ನಡುಕ ಅದುರು. ಅದು ಬೇರಿಂಗಿನದು, ಇಲ್ಲವೇ ಹುಕ್ಕಿನ ರಬ್ಬರ್ ಬುಷ್ಷು ಸವೆದದ್ದು. ಕಣ್ಣಿಗೆ ಕಾಣುವಂತೆ ಹೋಗಿಬರುವುದು ಓಲಾಟ. ಅದು ರೆಕ್ಕೆಯದು. ಮೊದಲು ರೆಕ್ಕೆಯ ಸ್ಕ್ರೂ ಬಿಗಿದು ಧೂಳು ಒರೆಸಬೇಕು. ಆಮೇಲೆ ಸ್ಕೇಲು ಹಿಡಿದು ಸೂರಿನಿಂದ ಪ್ರತಿ ರೆಕ್ಕೆಯ ತುದಿಗೆ ಎಷ್ಟು ದೂರ ಅಂತ ಒಂದೇ ಜಾಗದಲ್ಲಿ ಅಳೆಯಬೇಕು, ಫ್ಯಾನನ್ನು ತಿರುಗಿಸುತ್ತ. ಮೂರೂ ಸಮ ಬರಬೇಕು. ಒಂದು ರೆಕ್ಕೆ 5 ಮಿ.ಮೀ. ಇಳಿದಿದ್ದರೂ ಓಲಾಡುತ್ತದೆ. ಹಾಗಿದ್ದರೆ ರೆಕ್ಕೆಯನ್ನು ಬಗ್ಗಿಸಬಾರದು, ಅದನ್ನು ಮೋಟಾರಿಗೆ ಹಿಡಿಸಿರುವ ಪಟ್ಟಿಯನ್ನು ಹಗುರವಾಗಿ ಎತ್ತಬೇಕು. ಅಳತೆ ಸಮವಿದ್ದೂ ಓಲಾಡಿದರೆ ತೂಕದ ದೋಷ. ಒಂದು ರೂಪಾಯಿ ನಾಣ್ಯವನ್ನು ಟೇಪಿನಿಂದ ಒಂದೊಂದೇ ರೆಕ್ಕೆಯ ಮೇಲ್ಬದಿಗೆ ಗಟ್ಟಿಯಾಗಿ ಅಂಟಿಸಿ, ಕೆಳಗಿನಿಂದ ಎಲ್ಲರನ್ನೂ ಸರಿಸಿ ಓಡಿಸಿ ನೋಡಬೇಕು. ಯಾವುದರಲ್ಲಿ ಓಲಾಟ ಕಮ್ಮಿಯಾಯಿತೋ ಅದು ಹಗುರ. ಬೇರೆ ಫ್ಯಾನಿನ ರೆಕ್ಕೆ ತಂದು ಜೋಡಿಸಿದ್ದರೆ ಇದು ಯಾವತ್ತೂ ಸರಿಹೋಗುವುದಿಲ್ಲ, ರೆಕ್ಕೆಗಳನ್ನು ತೂಗಿ ಜೊತೆಮಾಡಿ ಕೊಟ್ಟಿರುತ್ತಾರೆ.

ತುಮಕೂರಿನಿಂದ:

ಪಿನ್ನಿನ ವಾಕ್ಯ ಹೀಗೆ ಕಳಿಸುತ್ತಿದ್ದೇನೆ: “ನಟ್ಟು ಬಿಗಿದ ಮೇಲೆ ಬೋಲ್ಟಿನ ತುದಿಯ ತೂತಿಗೆ ಹೊಸ ಸ್ಪ್ಲಿಟ್ ಪಿನ್ನು ತೂರಿಸಿ, ಅದರ ಎರಡು ಕಾಲನ್ನು ಒಂದು ಅತ್ತ, ಒಂದು ಇತ್ತ ಮಡಚಿ. ಈ ಪಿನ್ನು ಗಾಡಿಯ ಕಡಾಣಿ ಇದ್ದ ಹಾಗೆ. ಇದಿಲ್ಲದೆ ಫ್ಯಾನು ಹಾಕಬೇಡಿ.” ಕಡಾಣಿಯನ್ನು ಬಿಡಲು ಮನಸ್ಸಾಗಲಿಲ್ಲ. ಹಳ್ಳಿಯವರಿಗೆ ಅದರ ಬೆಲೆ ಗೊತ್ತಿದೆ.

ಚಿಂತಾಮಣಿಯಿಂದ:

ಒಪ್ಪಿದೆ. ಕವಲಾಣಿಯನ್ನು ಎರಡನೇ ಮುದ್ರಣಕ್ಕೆ ಕಾದಿರಿಸಿ.

ತಿಪಟೂರಿನಿಂದ:

ಒಂದೇ ತಿದ್ದುಪಡಿ. “ನಟ್ಟು ಬಿಗಿದ ಮೇಲೆ” ಸಾಲದು, “ನಟ್ಟಿನ ಆಚೆಗೆ ತೂತು ಪೂರ್ತಿ ಕಾಣುವ ಹಾಗೆ ಬಿಗಿದ ಮೇಲೆ” ಅಂತ ಮಾಡಿ. ತೂತು ಅರ್ಧ ಮುಚ್ಚಿದ್ದರೆ ಸಣ್ಣ ಪಿನ್ನು ಹುಡುಕಿ ತೂರಿಸುತ್ತಾರೆ.