ಕುಂಡದಲ್ಲಿ ಕಾಲು ಕೆ.ಜಿ. ತೂಗುವ ಟೊಮೆಟೊ ಬೆಳೆಯಬಹುದೇ?

ಪ್ರಶ್ನೆ (ತಾರಸಿ ತೋಟ, ಮೈಸೂರು):
ನಮ್ಮ ತಾರಸಿಯಲ್ಲಿ ಬಿಸಿಲಿಗೆ ಕೊರತೆಯಿಲ್ಲ. ಗಿಡಗಳು ಎದೆಯೆತ್ತರಕ್ಕೆ ಬೆಳೆದು ಧಾರಾಳವಾಗಿ ಹೂ ಬಿಡುತ್ತವೆ, ಆದರೆ ಕಾಯಿಗಳು ನಿಂಬೆಯ ಗಾತ್ರಕ್ಕೇ ನಿಂತುಬಿಡುತ್ತವೆ. ಬೀಜವನ್ನು ಅಂಗಡಿಯಿಂದ ತಂದ ಹಣ್ಣಿನಿಂದಲೇ ತೆಗೆದಿದ್ದೆ. ದಪ್ಪ ಹಣ್ಣು ಬೇಕಾದರೆ ಗೊಬ್ಬರವನ್ನು ಹೆಚ್ಚಿಸಬೇಕೇ?

ಉತ್ತರ 1:
ಗೊಬ್ಬರಕ್ಕಿಂತ ಮೊದಲು ತಳಿಯನ್ನು ನೋಡಿ. ಹಣ್ಣನ್ನು ಅಡ್ಡಲಾಗಿ ಕೊಯ್ದರೆ ಬೀಜ ತುಂಬಿದ ಕೋಣೆಗಳು ಕಾಣುತ್ತವೆ. ಸಣ್ಣ ಹಣ್ಣಿನಲ್ಲಿ ಅವು ಎರಡೋ ಮೂರೋ ಇದ್ದರೆ, ಬೀಫ್‌ಸ್ಟೇಕ್ ಎಂಬ ದಪ್ಪ ಬಗೆಯ ಹಣ್ಣಿನಲ್ಲಿ ಅನೇಕ ಕೋಣೆಗಳು ಒತ್ತೊತ್ತಾಗಿ ಇರುತ್ತವೆ, ಮತ್ತು ಈ ಗುಣ ಬೀಜದಲ್ಲೇ ಬರುವುದರಿಂದ ಯಾವ ಗೊಬ್ಬರವೂ ಅದನ್ನು ಬದಲಿಸಲಾರದು. ಅಂಗಡಿಯ ಹಣ್ಣು ಸಾಮಾನ್ಯವಾಗಿ ಹೈಬ್ರಿಡ್ ಆಗಿರುವುದರಿಂದ ಅದರ ಬೀಜದಿಂದ ತಾಯಿಗಿಡದ ಗುಣವನ್ನೂ ನಂಬುವಂತಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ರೋಗ ತಡೆಯುವ ಉತ್ತಮ ತಳಿ, ಆದರೆ ಅದರ ಹಣ್ಣು ಸುಮಾರು 90–100 ಗ್ರಾಂ ಮಾತ್ರ. ಕಾಲು ಕೆ.ಜಿ. ಬೇಕೆಂದರೆ ಬ್ರಾಂಡಿವೈನ್‌ನಂಥ ತಳಿಯನ್ನೇ ಹಾಕಬೇಕು. ಅಂಥ ಹಳೆಯ ತಳಿಗಳಿಗೆ ಎಲೆ ಮುಟುರು ರೋಗವನ್ನು ತಡೆಯುವ ಶಕ್ತಿಯಿಲ್ಲದ ಕಾರಣ, ಸಸಿಗಳನ್ನು ಆ ರೋಗ ಹರಡುವ ಬಿಳಿನೊಣ ನುಸುಳದಷ್ಟು ಸಣ್ಣ ಕಣ್ಣಿನ ಪರದೆಯೊಳಗೆ ಬೆಳೆಸಿ.

ಉತ್ತರ 2:
ಮೇಲಿನ ಮಾತು ಸರಿ. ತಳಿ ಸಿಕ್ಕಮೇಲೆ ಉಳಿದದ್ದು ಕತ್ತರಿಯ ಕೆಲಸ. ಬಳ್ಳಿಯಂತೆ ಬೆಳೆಯುವ ಗಿಡಕ್ಕೆ ಊರುಗೋಲು ಕೊಟ್ಟು, ಎಲೆಯ ಕಂಕುಳಲ್ಲಿ ಮೂಡುವ ಚಿಗುರುಗಳನ್ನು ಬೆರಳುದ್ದವಾಗುವ ಮೊದಲೇ ಚಿವುಟಿ, ಒಂದೇ ಕಾಂಡವನ್ನು ಉಳಿಸಿ. ಗೊಂಚಲಿನಲ್ಲಿ ಕೆಲವೊಮ್ಮೆ ಎರಡು ಮೂರು ಹೂಗಳು ಬೆಸೆದಂತೆ ಅಗಲವಾದ ಹೂವೊಂದು ಅರಳುತ್ತದೆ. ಅತಿ ದೊಡ್ಡ ಕಾಯಿ ಅದರಿಂದಲೇ ಬರುತ್ತದೆ, ನೋಡಲು ಮಾತ್ರ ಸೊಟ್ಟಪಟ್ಟ. ಅದು ಕಚ್ಚಿದ ಮೇಲೆ ಅದೇ ಗೊಂಚಲಿನ ಉಳಿದ ಕಾಯಿಗಳನ್ನು ತೆಗೆದುಬಿಡಿ, ಮನಸ್ಸು ಒಪ್ಪದಿದ್ದರೂ. ಅಮೆರಿಕದ ಓಕ್ಲಹೋಮದಲ್ಲಿ 1986ರಲ್ಲಿ 3.51 ಕೆ.ಜಿ. ತೂಗಿ ದಾಖಲೆಯಾದದ್ದು ಡೆಲಿಷಸ್ ತಳಿಯ ಹಣ್ಣು; ನಮಗೆ ಅಷ್ಟೇನೂ ಬೇಡ. ಸಾರಜನಕದ ಗೊಬ್ಬರ ಅತಿಯಾದರೆ ಸೊಪ್ಪು ಸೊಂಪಾಗಿ ಬೆಳೆಯುತ್ತದೆಯೇ ಹೊರತು ಕಾಯಿ ದಪ್ಪವಾಗುವುದಿಲ್ಲ.

ಉತ್ತರ 3:
ಕಾಲವನ್ನೂ ಗಮನಿಸಿ. ರಾತ್ರಿಯ ಉಷ್ಣಾಂಶ 21 ಡಿಗ್ರಿಗಿಂತ ಬಹಳ ಮೇಲೇರಿದರೆ, ಇಲ್ಲವೇ ಹಗಲಿನದು 35ರ ಆಸುಪಾಸಿಗೆ ಹೋದರೆ, ಪರಾಗ ಕೆಟ್ಟು ಹೂ ಉದುರುತ್ತದೆ. ಸೆಪ್ಟೆಂಬರಿನಲ್ಲಿ ಸಸಿ ನೆಟ್ಟರೆ ಮೈಸೂರಿನ ತಂಪು ತಿಂಗಳುಗಳಲ್ಲಿ ಕಾಯಿ ಕಚ್ಚುತ್ತದೆ. ದೊಡ್ಡ ಕಾಯಿಯ ತಳ ಕಪ್ಪಾಗಿ ಕೊಳೆಯುವುದನ್ನು ಕಂಡು ಅನೇಕರು ಮೊಟ್ಟೆಚಿಪ್ಪನ್ನು ಸುರಿಯುತ್ತಾರೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ಮಣ್ಣಿನಲ್ಲಿ ಸುಣ್ಣವಿದ್ದರೂ, ಒಂದು ದಿನ ಒಣಗಿಸಿ ಮರುದಿನ ಕೆರೆಯಾಗಿಸುವ ನೀರಿನಿಂದಾಗಿ ಅದು ಕಾಯಿಯನ್ನು ತಲುಪುವುದಿಲ್ಲ. ಒಣ ಎಲೆಯ ಹೊದಿಕೆ ಹಾಕಿ, ಪ್ರತಿದಿನ ಹದವಾಗಿ ನೀರು ಕೊಡಿ.

ಪ್ರಶ್ನೆ ಕೇಳಿದವರು:
ನನ್ನಲ್ಲಿರುವ ಹನ್ನೆರಡು ಅಂಗುಲದ ಕುಂಡಗಳು ಸಾಕಾಗುತ್ತವೆಯೇ?

ಉತ್ತರ 3:
ಸಾಲದು. ಗಿಡಕ್ಕೊಂದರಂತೆ 40 ಲೀಟರಿನ ಡ್ರಮ್ಮನ್ನೋ ಗ್ರೋ ಬ್ಯಾಗನ್ನೋ ಇಡಿ, ಆ ಕುಂಡಗಳಿಗೆ ಮೆಣಸಿನ ಗಿಡ ಹಾಕಿ.